ಕಾವೂರ್ ಬಗ್ಗೆ ಸೆಮಿನಾರ್ ಪೇಪರ್ ಬರೆಯುದು ಹೇಗೆ: ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಳಿಗೆ

ಹಿಸ್ಟರಿಯಲ್ಲಿ ಇಟಲಿಯ ಏಕೀಕರಣ ಬಂದ ಕೂಡ್ಲೆ ನಮ್ಮ ಕಡೆ ಎಲ್ಲರ ಪೇಪರೂ ಒಂದೇ ನಮೂನೆ. ಮ್ಯಾಜಿನಿ ಆತ್ಮ, ಕಾವೂರ್ ಮೆದುಳು, ಗ್ಯಾರಿಬಾಲ್ಡಿ ಖಡ್ಗ, ಅಲ್ಲಿಂದ ಸೀದಾ ಯುದ್ಧಕ್ಕೆ ಹಾರಿ 1861ಕ್ಕೆ ಮುಗಿಸಿ ಬಿಡುದು. ಈ ಮೆದುಳು ಯಾರ ಮನೆಯ ಮಗ, ಅಪ್ಪನಿಗೆ ಎಂತ ಕೆಲ್ಸ, ಮನೆಯಲ್ಲಿ ಯಾರ ಮಾತು ನಡೀತಿತ್ತು ಅಂತ ಒಬ್ರೂ ಬರೆಯುದಿಲ್ಲ. ನಿಮ್ಗೆ ಕಾವೂರ್ ಟಾಪಿಕ್ ಸಿಕ್ಕಿದ್ರೆ ಮನೆಯಿಂದ ಶುರು ಮಾಡಿ, ಅವನ ರಾಜಕೀಯ ಅರ್ಧಕ್ಕರ್ಧ ಆ ಮನೆಯೊಳಗೇ ಉಂಟು. (ಮಂಗ್ಳೂರಿನ ಕಾವೂರಿಗೂ ಇವನಿಗೂ ಸಂಬಂಧ ಇಲ್ಲ, ಕ್ಲಾಸಲ್ಲಿ ಯಾರಾದ್ರೂ ಕೇಳಿಯೇ ಕೇಳ್ತಾರೆ.)

ಮೊದ್ಲು ಒಂದು ಹಾಳೆ ಅಡ್ಡ ಇಟ್ಟು ಮೂರು ತಲೆಮಾರು ಬರ್ಕೊಳ್ಳಿ, ಜಾಸ್ತಿ ಬೇಡ. ಮೇಲೆ ಅಜ್ಜಿ ಫಿಲಿಪೀನ್ ದ ಸಾಲ್, ಸವೋಯ್ ಪ್ರಾಂತ್ಯದವ್ರು, ಸಂತ ಫ್ರಾನ್ಸಿಸ್ ದ ಸಾಲ್ ಹುಟ್ಟಿದ ಮನೆತನ. ಅವರ ಮಗ ಮಿಕೇಲೆ ಬೆನ್ಸೊ, ಕಾವೂರಿನ ಮಾರ್ಕ್ವಿಸ್. ಅವನ ಹೆಂಡ್ತಿ ಅದೇಲ್ ದ ಸೆಲ್ಲೊನ್, ಜಿನೀವಾದ ಪ್ರೊಟೆಸ್ಟಂಟ್ ಮನೆಯವ್ಳು, ಆಮೇಲೆ ಕ್ಯಾಥೊಲಿಕ್ ಆದದ್ದು. ಇವರಿಗೆ ಇಬ್ರು ಗಂಡುಮಕ್ಳು, 1806ರಲ್ಲಿ ಗುಸ್ತಾವೊ, 1810 ಆಗಸ್ಟ್ 10ಕ್ಕೆ ಟ್ಯೂರಿನ್‌ನಲ್ಲಿ ಕಮಿಲ್ಲೊ. ಈ ಕಮಿಲ್ಲೊನೇ ನಮ್ಮ ಪಾಠದ ಕೌಂಟ್ ಕಾವೂರ್. ಆಗ ಅಲ್ಲಿ ನೆಪೋಲಿಯನ್ ಆಳ್ವಿಕೆ, ಮಗುವಿನ ಧರ್ಮಪಿತ ನೆಪೋಲಿಯನ್‌ನ ಭಾವ ಕಮಿಲ್ಲೊ ಬೋರ್ಗೇಸೆ, ಹೆಸರು ಬಂದದ್ದೂ ಅವನಿಂದ್ಲೇ, ಧರ್ಮಮಾತೆ ನೆಪೋಲಿಯನ್‌ನ ತಂಗಿ ಪೌಲೀನ್. ಅಧಿಕಾರದಲ್ಲಿ ಇದ್ದವ್ರ ಹತ್ರ ಚೆನ್ನಾಗಿ ಇರ್ಲಿಕ್ಕೆ ಆ ಮನೆಯವ್ರಿಗೆ ಗೊತ್ತಿತ್ತು ಅಂತ ಇಷ್ಟರಲ್ಲೇ ತಿಳೀತದೆ.

ಈಗ ಗಮನ ಕೊಡ್ಬೇಕಾದ ಜಾಗ. ನಮ್ಮಲ್ಲಿ ಅಳಿಯಕಟ್ಟಿನ ಮನೆಗಳು ಸುಮಾರು ಇದ್ದ ಕಾರಣ ಮನೆತನ ಅಂದ್ರೆ ಅಮ್ಮನ ಕಡೆ, ಯಜಮಾನಿಕೆ ಅಂದ್ರೆ ಮಾವ ಅಂತ ತಲೆಯಲ್ಲಿ ಕೂತಿರ್ತದೆ. ಟ್ಯೂರಿನ್ ರಾಜಧಾನಿ ಆಗಿದ್ದ ಪೀಡ್‌ಮಾಂಟಿನ ಪ್ರಭುಗಳಲ್ಲಿ ಹಾಗಲ್ಲ, ಮಾರ್ಕ್ವಿಸ್ ಪದವಿ ಹಿರಿ ಮಗನಿಗೆ, ಎರಡನೆಯವ ಸೈನ್ಯಕ್ಕೋ ಚರ್ಚಿಗೋ ಹೋಗಿ ದಾರಿ ನೋಡ್ಕೊಳ್ಬೇಕು. ಇದನ್ನು ಒಂದು ಪ್ಯಾರಾದಲ್ಲಿ ಬರೀಲೇಬೇಕು, ಇಲ್ಲದಿದ್ರೆ ಮಾರ್ಕ್ವಿಸ್‌ನ ಮಗ ಹತ್ತು ವರ್ಷಕ್ಕೇ ಮಿಲಿಟರಿ ಅಕಾಡೆಮಿಗೆ ಯಾಕೆ ಹೋದ ಅಂತ ಓದುವವ್ರಿಗೆ ಗೊತ್ತೇ ಆಗುದಿಲ್ಲ. ಹದಿನಾಲ್ಕಕ್ಕೆ ರಾಜಕುಮಾರ ಕಾರ್ಲೊ ಅಲ್ಬೆರ್ತೊನ ಹತ್ರ ಪರಿಚಾರಕ ಹುಡುಗ ಆಗಿ ಹಾಕಿದ್ರು, ಅಲ್ಲಿ ಕೊಟ್ಟ ಯೂನಿಫಾರ್ಮ್ ಆಳುಗಳ ಬಟ್ಟೆ ಹಾಗೆ ಉಂಟು ಅಂತ ಗೊಣಗಿ ಆ ಜಾಗ ಕಳ್ಕೊಂಡ. ಮತ್ತೆ ಇಂಜಿನಿಯರಿಂಗ್ ದಳದಲ್ಲಿ ಆಫೀಸರ್. 1830ರ ಫ್ರಾನ್ಸಿನ ಕ್ರಾಂತಿಯನ್ನು ಹೊಗಳಿದ್ದಕ್ಕೆ ಬಾರ್ಡ್ ಅಂತ ಒಂದು ಬೆಟ್ಟದ ಕೋಟೆಗೆ ತಳ್ಳಿದ್ರು, 1831ರಲ್ಲಿ ರಾಜೀನಾಮೆ ಬಿಸಾಡಿ ಮನೆಗೆ ಬಂದ.

ಇಲ್ಲಿಂದ ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಕ್ಕೆ ಮನೆಯಲ್ಲಿ ಆದದ್ದು, ಬಲಕ್ಕೆ ಸರ್ಕಾರಿ ಕೆಲ್ಸ, ಇಸವಿ ಎದುರೆದುರು ಬರ್ಬೇಕು. ಈ ಒಂದು ಕೆಲ್ಸ ಮಾಡಿದ್ರೆ ಪೇಪರ್ ತನ್ನಷ್ಟಕ್ಕೆ ಬರೆಸಿಕೊಳ್ತದೆ ಮಾರಾಯ್ರೆ.

1832ರಲ್ಲಿ ಕುಟುಂಬದ ಜಾಗ ಇದ್ದ ಗ್ರಿಂಜಾನೆ ಹಳ್ಳಿಗೆ ಕಾವೂರ್ ಮೇಯರ್, ಸುಮಾರು ಹದಿನೇಳು ವರ್ಷ. ಅದು ಚುನಾವಣೆ ಗೆದ್ದು ಸಿಕ್ಕಿದ್ದಲ್ಲ, ನಮ್ಮಲ್ಲಿ ಗುತ್ತಿನ ಮನೆಗೆ ಪಟೇಲಿಕೆ ಬಂದ ಹಾಗೆ. 1835ರಲ್ಲಿ ಅಪ್ಪ ಟ್ಯೂರಿನ್‌ನ ವಿಕಾರಿಯೊ, ಪಟ್ಟಣದ ಪೊಲೀಸು ಎಲ್ಲ ಅವನ ಕೈಲಿ. ಮಗ ಲಿಬರಲ್, ಅಪ್ಪ ಪೊಲೀಸ್ ದೊಡ್ಡವ, ಒಂದೇ ಮನೆಯಲ್ಲಿ ಊಟ, ಅಪ್ಪನ ಮೇಲಿನ ಸಿಟ್ಟನ್ನು ಜನ ಮಗನ ಮೇಲೂ ಇಟ್ಕೊಂಡ್ರು. ಅದೇ ಹೊತ್ತಿಗೆ ಲೇರಿ ಅಂತ ಒಂದು ಎಸ್ಟೇಟು ಇವನ ಕೈಗೆ ಬಂತು, ವೆರ್ಚೆಲ್ಲಿ ಬಯಲಿನ ಭತ್ತದ ಗದ್ದೆ, ಅಲ್ಲಿ ನೀರು, ಗೊಬ್ಬರ, ಮೆಷಿನು ಅಂತ ವರ್ಷಗಟ್ಲೆ ಕೂತ. ಈ ಭಾಗ ಸ್ವಲ್ಪ ಎಳೆದು ಬರೀರಿ, ಗದ್ದೆ ತೋಟ ನೋಡಿ ಬೆಳೆದ ನಿಮ್ಗೆ ಚೆನ್ನಾಗಿ ಬರ್ತದೆ, ಮತ್ತೆ ಅವನಿಗೆ ಸಿಕ್ಕಿದ ಮೊದಲ ಮಂತ್ರಿ ಪದವಿಯೇ ಕೃಷಿ ಮತ್ತು ವಾಣಿಜ್ಯ. 1840ರಲ್ಲಿ ಯುದ್ಧ ಆಗ್ತದೆ ಅಂತ ಲೆಕ್ಕ ಹಾಕಿ ಪ್ಯಾರಿಸ್ ಶೇರ್ ಮಾರ್ಕೆಟ್ಟಿನಲ್ಲಿ ದುಡ್ಡು ಹಾಕಿ ಮುಳುಗಿದ, ಅಪ್ಪನೇ ತೀರಿಸಿದ್ದು. ಇದು ಫುಟ್‌ನೋಟಿಗೆ ಸಾಕು ಅಂತ ಬಿಡ್ಬೇಡಿ, ಮುಂದೆ ಫೈನಾನ್ಸ್ ಮಂತ್ರಿ ಆದವ ಇವ.

1847 ನೋಡಿ. ಅಪ್ಪ ವಿಕಾರಿಯೊ ಕೆಲ್ಸ ಬಿಟ್ಟದ್ದೂ, ಡಿಸೆಂಬರಿನಲ್ಲಿ ಮಗ ಇಲ್ ರಿಸೊರ್ಜಿಮೆಂಟೊ ಪತ್ರಿಕೆ ಶುರು ಮಾಡಿದ್ದೂ ಒಂದೇ ವರ್ಷ. 1848 ಮೇ 30ಕ್ಕೆ ಆಸ್ಟ್ರಿಯಾದ ವಿರುದ್ಧದ ಗೊಯಿತೊ ಯುದ್ಧದಲ್ಲಿ ಗುಸ್ತಾವೊನ ಮಗ ಅಗುಸ್ತೊ ಸತ್ತ, ಇಪ್ಪತ್ತರ ಹುಡುಗ, ಕಾವೂರಿನ ಮುದ್ದಿನವ. ರಕ್ತದ ಕಲೆ ಇದ್ದ ಅವನ ಸಮವಸ್ತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ತನ್ನ ಮಲಗುವ ಕೋಣೆಯಲ್ಲೇ ಇಟ್ಕೊಂಡಿದ್ದ. ಮುಂದಿನ ತಿಂಗಳು ಪಾರ್ಲಿಮೆಂಟಿಗೆ ಆಯ್ಕೆ. 1850ರಲ್ಲಿ ಅಪ್ಪ ತೀರಿಹೋದ, ಅದೇ ಅಕ್ಟೋಬರಿನಲ್ಲಿ ಇವ ಮಂತ್ರಿ, 1852 ನವೆಂಬರ್ 4ಕ್ಕೆ ಪೀಡ್‌ಮಾಂಟ್ ರಾಜ್ಯದ ಪ್ರಧಾನಿ. ಅಣ್ಣ ಗುಸ್ತಾವೊ ಕಟ್ಟಾ ಕ್ಯಾಥೊಲಿಕ್, ಪಾರ್ಲಿಮೆಂಟಿನಲ್ಲಿ ತಮ್ಮನ ವಿರುದ್ಧವೇ ನಿಂತವ, ಆದ್ರೂ ಟ್ಯೂರಿನ್‌ನ ಮನೆ ಒಂದೇ.

ಕ್ರಿಮಿಯಾ ಯುದ್ಧ ಎರಡು ಸಾಲಲ್ಲಿ ಮುಗಿಸಿ, ಟೆಕ್ಸ್ಟ್ ಬುಕ್ಕಲ್ಲಿ ಉಂಟು. ಫ್ರಾನ್ಸಿನ ಪ್ಲೊಂಬಿಯೇರ್ ಊರಿನ ಭೇಟಿ ಬಿಡ್ಬೇಡಿ, ಯಾಕಂದ್ರೆ ಅದೂ ಕುಟುಂಬದ ಕತೆಯೇ: 1858 ಜುಲೈಯಲ್ಲಿ ಮೂರನೇ ನೆಪೋಲಿಯನ್ ಜೊತೆ ಗುಟ್ಟಿನ ಮಾತುಕತೆ, ಫ್ರಾನ್ಸಿನ ಸೈನ್ಯದ ಸಹಾಯಕ್ಕೆ ಬದಲು ಜಾಗವೂ ಕೊಡ್ಬೇಕು, ಪೀಡ್‌ಮಾಂಟ್ ರಾಜನ ಹದಿನೈದು ವರ್ಷದ ಮಗಳು ಕ್ಲೊತಿಲ್ದೆಯನ್ನು ಚಕ್ರವರ್ತಿಯ ದಾಯಾದಿಗೆ ಮದುವೆ ಮಾಡಿಯೂ ಕೊಡ್ಬೇಕು. ತಾನು ಜನ್ಮದಲ್ಲಿ ಮದುವೆ ಆಗ್ಲಿಲ್ಲ, ಆ ಹುಡುಗಿಯ ಮದುವೆ ಮಾತ್ರ ಕುದುರಿಸಿದ. ನನಗೆ ಇದು ಸರಿ ಕಾಣುದಿಲ್ಲ, ನಿಮ್ಮ ಅಭಿಪ್ರಾಯ ನೀವು ಬರೀರಿ.

ಮತ್ತೆ 1860 ಮಾರ್ಚ್ 24ರ ಟ್ಯೂರಿನ್ ಒಪ್ಪಂದ, ಸವೋಯ್ ಮತ್ತು ನೀಸ್ ಫ್ರಾನ್ಸಿಗೆ. ನೀಸ್ ಗ್ಯಾರಿಬಾಲ್ಡಿಯ ಹುಟ್ಟೂರು, ಅವ ಕಡೆಗೂ ಕ್ಷಮಿಸ್ಲಿಲ್ಲ ಅಂತ ಎಲ್ರೂ ಬರೀತಾರೆ. ನಿಮ್ಮ ವಂಶವೃಕ್ಷದ ಹಾಳೆ ಈಗ ತೆಗೀರಿ. ಸವೋಯ್ ಕಾವೂರಿನ ಅಜ್ಜಿಯ ತವರು, ರಾಜನ ವಂಶದ ಮೂಲವೂ ಅದೇ. ಮೊದ್ಲು ಸಹಿ ಹಾಕಿ ಏಪ್ರಿಲಿನಲ್ಲಿ ಜನರ ಓಟು ತೆಗೆದ್ರು, ಫ್ರಾನ್ಸಿನ ಪರ ಭಾರೀ ಬಹುಮತ ಬಂತು, ಆ ಓಟು ಎಷ್ಟು ನೆಟ್ಟಗೆ ನಡೀತು ಅಂತ ಜಗಳ ಈಗ್ಲೂ ಉಂಟು. ಇಲ್ಲಿ ಕ್ಲಾಸಲ್ಲಿ ಕಾಸರಗೋಡಿನ ಮಾತು ಬಂದೇ ಬರ್ತದೆ. 1956 ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಹೋದದ್ದು, 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಅಂದದ್ದು, ಜನಮತ ಮಾತ್ರ ಯಾರೂ ಕೇಳ್ಲಿಲ್ಲ. ಬೇಕಾದ್ರೆ ಒಂದು ವಾಕ್ಯ ಹಾಕಿ. ಅಲ್ಲಿ ಎರಡು ರಾಜ್ಯಗಳ ನಡುವಿನ ಒಪ್ಪಂದ, ಇಲ್ಲಿ ಒಂದೇ ದೇಶದೊಳಗಿನ ಗಡಿ, ಎರಡನ್ನೂ ಗಂಟು ಹಾಕ್ಲಿಕ್ಕೆ ಹೋದ್ರೆ ಪೇಪರ್ ಕಾವೂರನ್ನು ಬಿಟ್ಟು ಎಲ್ಲಿಗೋ ಹೋಗ್ತದೆ.

ಇಟಲಿ ರಾಜ್ಯದ ಘೋಷಣೆ 1861 ಮಾರ್ಚ್, ಇವ ಅದರ ಮೊದಲ ಪ್ರಧಾನಿ, ಜೂನ್ 6ಕ್ಕೆ ಸತ್ತ. ರಾಜರನ್ನು ಹೂಳುವ ಸುಪೆರ್ಗಾದಲ್ಲಿ ಜಾಗ ಕೊಡ್ತೇನೆ ಅಂತ ರಾಜ ಹೇಳಿದ್ರೂ ಇವನ ಆಸೆಯ ಹಾಗೆ ಮನೆತನದ ಊರು ಸಾಂತೆನಾದಲ್ಲಿ, ಅಗುಸ್ತೊನ ಹತ್ರವೇ ಮಣ್ಣು ಮಾಡಿದ್ರು. ಗಂಡು ಸಂತಾನ 1875ರಲ್ಲಿ ಗುಸ್ತಾವೊನ ಇನ್ನೊಬ್ಬ ಮಗ ಐನಾರ್ದೊನೊಂದಿಗೆ ನಿಂತಿತು, ಉಳಿದದ್ದು ಗುಸ್ತಾವೊನ ಮಗಳು ಜುಸೆಪ್ಪೀನಾ, 1888ರಲ್ಲಿ ಅವಳೂ ಹೋದ್ಳು, ಸಾಂತೆನಾದ ಮನೆ ಅವಳ ಮಗಳ ಕಡೆಯವ್ರಿಗೆ ಹೋಗಿ ಎಷ್ಟೋ ವರ್ಷದ ಮೇಲೆ ಟ್ಯೂರಿನ್ ನಗರಕ್ಕೆ. ವೈವಾದಲ್ಲಿ "ಮಾರ್ಕ್ವಿಸ್ ಯಾರು, ಕೌಂಟ್ ಯಾರು" ಅಂತ ಕೇಳಿದ್ರೆ ಹಾಳೆ ತೋರಿಸಿ, ಅಪ್ಪನೂ ಅಣ್ಣನೂ ಮಾರ್ಕ್ವಿಸ್, ಇವ ಕಿರಿಯವ, ಅದಕ್ಕೆ ಕೌಂಟ್.