ಮುತ್ತೋಡಿ ಕಾಡಿನಲ್ಲಿ ಸದ್ದು ಮಾಡದೆ ಕೂರುವುದು ಹೇಗೆ?

ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಮುತ್ತೋಡಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಈ ಮಾತು ಬಂದೇ ಬರುತ್ತದೆ: "ರಾತ್ರಿ ಹತ್ತರವರೆಗೆ ಸದ್ದು ಮಾಡಬಹುದಂತಲ್ಲ?" ಹತ್ತರ ಗಡುವು 2000ದ ಶಬ್ದಮಾಲಿನ್ಯ ನಿಯಮಗಳದ್ದು, ಧ್ವನಿವರ್ಧಕಗಳಿಗೆ ಹಾಕಿದ್ದು. ಅಭಯಾರಣ್ಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಪ್ರಾಣಿಗಳನ್ನು ಕೆಣಕುವಂತಿಲ್ಲ, ಹಗಲಾದರೇನು, ರಾತ್ರಿಯಾದರೇನು. ಹಾರ್ನ್ ಹೊಡೆದರೆ ಆನೆ ದಾರಿ ಬಿಡುತ್ತದೆ ಎಂಬುದನ್ನೂ ನಂಬಬೇಡಿ. ಕೆರಳಿದರೆ ಅದು ವಾಹನದ ಮೇಲೇ ಬರುತ್ತದೆ. ದೂರದಲ್ಲೇ ನಿಲ್ಲಿಸಿ, ಅದು ದಾಟುವವರೆಗೆ ಕಾಯಿರಿ.

ಮನೆಯಲ್ಲೇ ಮೊಬೈಲ್ ಪೂರ್ತಿ ಆಫ್ ಮಾಡಿ. ಚಿಪ್ಸ್ ಪೊಟ್ಟಣ ಬೇಡ. ಅಗ್ಗದ ಪ್ಲಾಸ್ಟಿಕ್ ರೈನ್‌ಕೋಟ್ ಬೇಡವೇ ಬೇಡ, ಮೈ ಕದಲಿದರೂ ಸರಬರ ಎನ್ನುತ್ತದೆ. ಹಳೆಯ ಉಣ್ಣೆ ಸ್ವೆಟರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎಲ್ಲರೂ ಎಡವುವುದು ಜೀಪು ನಿಂತ ಮೇಲೆ. ಎಂಜಿನ್ ಆರಿಸಿದರೂ ಬಿಸಿ ಲೋಹ ಸ್ವಲ್ಪ ಹೊತ್ತು ಟಿಕ್ ಟಿಕ್ ಎನ್ನುತ್ತಿರುತ್ತದೆ. ಅದು ಅಡಗುವವರೆಗೆ ಕೈಕಾಲು ಆಡಿಸಬೇಡಿ. ಆಮೇಲೆ ಮರಕುಟಿಗದ ಕುಟ್ಟಾಟ, ಬಿದಿರು ತಿಕ್ಕಾಡುವ ಕಿರ್ರೆನ್ನುವ ಸದ್ದು ಒಂದೊಂದಾಗಿ ಕೇಳತೊಡಗುತ್ತವೆ. ಕಡವೆಯೊಂದು ಗಟ್ಟಿಯಾಗಿ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿರಬಹುದು. ಆಗಲೇ ಎಲ್ಲರೂ "ಎಲ್ಲಿ, ಎಲ್ಲಿ?" ಎಂದು ಪಿಸುಗುಡತೊಡಗುತ್ತಾರೆ. ಪಿಸುಮಾತಿನ ಸಕಾರ, ಶಕಾರಗಳು ನಿಶ್ಶಬ್ದದಲ್ಲಿ ಎದ್ದು ಕೇಳುತ್ತವೆ. ಹೇಳಲೇಬೇಕಿದ್ದರೆ ಎದೆಯ ಸ್ವರದಲ್ಲಿ, ತಗ್ಗಿಸಿ, ಒಂದೆರಡು ಪದ. ಪಕ್ಕದವರ ಭುಜ ಮುಟ್ಟಿ, ನೀವು ಆ ದಿಕ್ಕಿಗೆ ಮುಖ ತಿರುಗಿಸಿದರೆ ಇನ್ನೂ ಒಳ್ಳೆಯದು. ಕೈ ಚಾಚಬೇಡಿ.

ಕಳೆದ ಚಳಿಗಾಲದಲ್ಲಿ ನಮ್ಮ ಜೀಪಿನಲ್ಲಿದ್ದ ಒಬ್ಬರು ಕ್ಯಾಮೆರಾ ಚೀಲದ ವೆಲ್ಕ್ರೋ ಪಟ್ಟಿಯನ್ನು ಪರ್ರೆಂದು ಕಿತ್ತರು. ಬಿದಿರುಮೆಳೆಯ ಪಕ್ಕ ಮೇಯುತ್ತಿದ್ದ ಕಾಟಿ ತಲೆಯೆತ್ತಿತು. ಬಾಯಲ್ಲಿದ್ದ ಹುಲ್ಲು ಹಾಗೇ ಇತ್ತು, ಅಗಿಯುವುದು ನಿಂತಿತ್ತು. ಭುಸ್ಸೆಂದು ಉಸಿರು ಬಿಟ್ಟು, ಕರುವನ್ನು ಮುಂದೆ ಮಾಡಿಕೊಂಡು ಒಳಗೆ ನುಗ್ಗಿತು. ಆ ಕರು ಅರ್ಧ ಹೊಟ್ಟೆಯಲ್ಲಿ ಓಡಿದ್ದು ನನ್ನನ್ನು ಈಗಲೂ ಕಾಡುತ್ತದೆ. ಚೀಲವನ್ನು ಗೇಟಿನಲ್ಲೇ ತೆರೆದಿಟ್ಟುಕೊಳ್ಳಿ.

ಹಕ್ಕಿ ಕರೆಯಲು ಮೊಬೈಲ್‌ನಲ್ಲಿ ಅದರ ಕೂಗು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಎದುರಾಳಿ ಬಂದನೆಂದು ಗಂಡುಹಕ್ಕಿ ಮರಿಗೆ ಉಣಿಸುವುದನ್ನು ಬಿಟ್ಟು ಹಾರಿ ಬರುತ್ತದೆ.

ಗೇಟು ದಾಟಿದ ಮೇಲೆ ಮಾತನಾಡಿ. ಕಾರಿನ ಸ್ಟೀರಿಯೊವನ್ನು ಮಾತ್ರ ಮಲ್ಲಂದೂರು ತಲುಪುವವರೆಗೆ ಹಾಕಬೇಡಿ. ಆ ದಾರಿಯ ಕಾಫಿ ತೋಟಗಳಲ್ಲೂ ಕಾಟಿಗಳು ಮೇಯುತ್ತಿರುತ್ತವೆ.