ಹತ್ತು ಚೀಲ ಭತ್ತದಲ್ಲಿ ಒಂದು ಚೀಲದ ದುಡ್ಡು ಬಂಗಾರಕ್ಕೆ: ಸಿಂಧನೂರಿನಿಂದ ನನ್ನ ಅನುಭವ

ಬಂಗಾರ 10 ಗ್ರಾಂಗೆ ಲಕ್ಷ ದಾಟಿದ ಮೇಲೆ ನಮ್ಮ ಕಡೆ ಎಲ್ಲರೂ ಕೇಳೋದು ಒಂದೇ: ಇನ್ನೂ ಕೊಳ್ಳಬೇಕಾ, ನಿಲ್ಲಿಸಬೇಕಾ? ನಾನು ಇನ್ನೂ ಕೊಳ್ಳುತ್ತಿದ್ದೇನೆ. ರೇಟು ಏರುತ್ತೆ ಅಂತ ಅಲ್ಲ. ಅಡ ಇಟ್ಟು ಖರ್ಚಿಗೆ ದುಡ್ಡು ತಂದು, ಸುಗ್ಗಿಯಲ್ಲಿ ಭತ್ತ ಮಾರದೆ ತಡೆದಿಡೋಕೆ ನನಗೆ ಬಂಗಾರ ಬೇಕು. ಈ ಮಾತು ಹೇಳಿದಾಗ ದಲಾಲಿ ಅಂಗಡಿ ಕಟ್ಟೆ ಮೇಲೆ ಕೂತವರು ವರ್ಷಗಟ್ಟಲೆ ನಕ್ಕರು. ಈಗ ಅವರಲ್ಲೇ ಕೆಲವರು ಮನೆಗೆ ಬಂದು ಲೆಕ್ಕ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿದಂತಾಗಲಿ ಅಂತ ಬರೆಯುತ್ತಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದವರಿಗೆ ನಮ್ಮ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ ಎಲ್ಲಾ ದಲಾಲಿ ಅಂಗಡಿಯ ಉದ್ರಿ, ಅಂದರೆ ಸಾಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೊಯ್ಲು ಮುಗಿದ ದಿನವೇ ಹಸಿ ಭತ್ತ ಅವರ ತೂಕದ ಕಾಟಾಕ್ಕೆ. ಊರಿನವರೆಲ್ಲ ಒಟ್ಟಿಗೆ ಮಾರುವ ವಾರದಲ್ಲಿ ರೇಟು ಎಲ್ಲಿರುತ್ತೆ ಅನ್ನೋದು ಗೊತ್ತೇ ಇದೆ. ನನ್ನದು ಹನ್ನೆರಡು ಎಕರೆ, ಅದರಲ್ಲಿ ಅರ್ಧ ಲೀಸು. ಬೆಳೆ ಚೆನ್ನಾಗಿ ಬಂದ ವರ್ಷವೂ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ.

2012ರ ಹೊತ್ತಿಗೆ ಒಂದು ಪದ್ಧತಿ ಹಾಕಿಕೊಂಡೆ. ಮಾರಿದ ಪ್ರತಿ ಹತ್ತು ಚೀಲದಲ್ಲಿ ಒಂದು ಚೀಲದ ದುಡ್ಡು ಬಂಗಾರಕ್ಕೆ. ರೇಟು ನೋಡೋದಿಲ್ಲ, ಟಿವಿ ನೋಡೋದಿಲ್ಲ. ಸಾಲ ಮಾಡಿ ಒಂದು ಗ್ರಾಂ ಕೂಡ ಕೊಂಡಿಲ್ಲ. ಬಂಗಾರ ಸೋವಿಯಾದ ವರ್ಷ ತಾನಾಗಿಯೇ ಜಾಸ್ತಿ ಗ್ರಾಂ ಬರುತ್ತೆ, ತುಟ್ಟಿಯಾದ ವರ್ಷ ಕಡಿಮೆ.

ಮೊದಲ ಆರು ವರ್ಷ ಬಹಳ ಕಷ್ಟ ಆಯಿತು. 2013ರಿಂದ 2018ರವರೆಗೆ 10 ಗ್ರಾಂ ಸುಮಾರು 25ರಿಂದ 33 ಸಾವಿರದ ನಡುವೆ ಅಲ್ಲೇ ಸುತ್ತುತ್ತಿತ್ತು. 2013ರಲ್ಲಂತೂ ಏಪ್ರಿಲ್‌ನಲ್ಲಿ ದಬ್ಬನೆ ಬಿತ್ತು, ಆಗಸ್ಟ್‌ನಲ್ಲಿ ಆಮದು ಡ್ಯೂಟಿ ನೂರಕ್ಕೆ ಹತ್ತು ಮಾಡಿದರು. ಅದೇ ಹೊತ್ತಿಗೆ ಸಿಂಧನೂರಿನ ಸುತ್ತ ಲೇಔಟುಗಳಲ್ಲಿ ಪ್ಲಾಟು ಹಾಕಿದವರು ದುಡ್ಡು ಮಾಡಿಕೊಂಡರು. ನನ್ನ ಷಡ್ಡಕ ಎರಡು ಪ್ಲಾಟು ತೋರಿಸಿ, ‘ನಿನ್ನ ದುಡ್ಡು ಡಬ್ಬಿಯಲ್ಲಿ ಕೊಳೀತಿದೆ’ ಅಂದ. ನಾನು ನಿಲ್ಲಿಸಲಿಲ್ಲ. ಪ್ಲಾಟನ್ನು ಜೂನ್‌ನಲ್ಲಿ ಗೊಬ್ಬರಕ್ಕೆ ಅಂತ ಒಂದೇ ದಿನದಲ್ಲಿ ದುಡ್ಡು ಮಾಡೋಕೆ ಆಗಲ್ಲ ಅಲ್ವಾ? ನನಗೆ ಬೇಕಿದ್ದದ್ದು ಅದೇ.

ಇನ್ನು ಯಾವ ರೂಪದ ಬಂಗಾರ ಅನ್ನೋದು. ಇದರಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಅಂಗಡಿಯ 24 ಕ್ಯಾರೆಟ್ ಬಿಸ್ಕತ್ತು ಕೊಳ್ಳುತ್ತಿದ್ದೆ. ಒಡವೆ ಮಾಡುವ ಕೂಲಿ ಇಲ್ಲ, ವೇಸ್ಟೇಜ್ ಇಲ್ಲ. ಅಡ ಇಡೋಕೆ ಹೋದಾಗ ಬ್ಯಾಂಕಿನವರು ಮುಟ್ಟಲಿಲ್ಲ. ಗಟ್ಟಿ ಬಂಗಾರಕ್ಕೆ ಸಾಲ ಕೊಡೋಕೆ ಆರ್‌ಬಿಐ ಬಿಡೋದಿಲ್ಲ. ಆಗ ನಾಣ್ಯ ಆದರೆ ಬ್ಯಾಂಕೇ ಮಾರಿದ್ದು ಆಗಬೇಕಿತ್ತು, ಅದೂ 50 ಗ್ರಾಂವರೆಗೆ ಮಾತ್ರ. ಬ್ಯಾಂಕಿನ ನಾಣ್ಯ ತುಟ್ಟಿ, ಮಾರಿದ ಮೇಲೆ ಅವರು ವಾಪಸ್ ಕೊಳ್ಳೋದೂ ಇಲ್ಲ. ದೊಡ್ಡ ಶೋರೂಮಿನ ನೆಕ್ಲೇಸು ತಗೊಂಡರೆ ಕೂಲಿ, ವೇಸ್ಟೇಜ್ ಸೇರಿ ನೂರಕ್ಕೆ ಹದಿನೈದರವರೆಗೆ ಹೋಗುತ್ತೆ. ಅದರ ಮೇಲೆ ಜಿಎಸ್‌ಟಿ. ಹರಳಿದ್ದರೆ ಅಡ ಇಡುವಾಗ ಹರಳಿನ ತೂಕವನ್ನೂ ಕಳೀತಾರೆ.

ಕಡೆಗೆ ನಾನು ನಿಂತದ್ದು ಪಾಟ್ಲಿ, ಬಿಲ್ವಾರದಂಥ ಸಾದಾ ಬಳೆಗಳಿಗೆ. ಹರಳಿಲ್ಲ, ಮೀನಾ ಇಲ್ಲ, ಒಳಗೆ ಅರಗಿಲ್ಲ. 22 ಕ್ಯಾರೆಟ್, 916 ಮುದ್ರೆ. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರದ ಗುರುತು) ಇಲ್ಲದೆ ಅಂಗಡಿಯವರು ಮಾರುವಂತಿಲ್ಲ, ಅದರಿಂದ ನನಗೆ ಅನುಕೂಲವೇ ಆಯಿತು. ನಮ್ಮ ಪತ್ತಾರರ (ಅಕ್ಕಸಾಲಿಗರ) ಹತ್ತಿರ ಕೂಲಿ ನೂರಕ್ಕೆ ನಾಲ್ಕೈದರಲ್ಲಿ ಮುಗಿಯುತ್ತೆ. ಅಷ್ಟಕ್ಕೆ ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಹೇಳಿದರೆ ನಾಳೆಯಿಂದ ನನಗೇ ಆ ರೇಟು ಸಿಗಲ್ಲ.

ಬ್ಯಾಂಕಿನಲ್ಲಿ ಅಪ್ರೈಸರ್ ಬಿಲ್ವಾರವನ್ನು ಒರೆಗಲ್ಲಿಗೆ ಎರಡು ಸಲ ತೀಡುತ್ತಾರೆ. ಹಳದಿ ಗೆರೆ ಬೀಳುತ್ತೆ. ಅದರ ಮೇಲೆ ಆಸಿಡ್ ಹನಿ ಬಿಟ್ಟು ಕಾಯುತ್ತಾರೆ. ಗೆರೆ ಅಳಿಯದೆ ನಿಂತರೆ ತಕ್ಕಡಿಗೆ. ನನ್ನ ಮುಂದೆ ನಿಂತಿದ್ದ ಒಬ್ಬರ ಕಾಸಿನ ಸರ ಅಂಗಡಿಯ ಚೀಟಿಯಲ್ಲಿ 40 ಗ್ರಾಂ ಚಿಲ್ಲರೆ ಇತ್ತು. ಅರಗು, ಹರಳು, ದಾರ ಕಳೆದು 33ಕ್ಕೆ ಬಂತು. ನನ್ನ ಬಿಲ್ವಾರದಲ್ಲಿ ಕಳೆಯೋಕೆ ಏನೂ ಇರಲಿಲ್ಲ. ಕೊಂಡ ತೂಕವೇ ಬರೆದುಕೊಂಡರು. ಅಡಕ್ಕೆ ಅಂತಲೇ ಕೊಳ್ಳುವವರು ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿ ಮೆಟ್ಟಿಲು ಹತ್ತಬೇಕು.

ಪದ್ಧತಿ ಕೈಹಿಡಿದದ್ದು 2022ರ ಕೊನೆಯ ಸುಗ್ಗಿಯಲ್ಲಿ. ಅಂಕಿಗಳನ್ನು ನೆನಪಿನ ಮೇಲೆ ಹೇಳುತ್ತಿದ್ದೇನೆ. ಎಕರೆಗೆ 38-40 ಚೀಲ ಬಂತು. ಸುಗ್ಗಿಯಲ್ಲಿ 75 ಕೆಜಿ ಚೀಲಕ್ಕೆ 1,550ರ ಹತ್ತಿರ ಕೇಳಿದರು. ಕೂಲಿ, ಮಷಿನ್ ಬಾಡಿಗೆಗೆ ಬೇಕಾದಷ್ಟು ಮಾತ್ರ ಮಾರಿದೆ. 300 ಚೀಲ ಒಣಗಿಸಿ ಗೋದಾಮಿಗೆ ಹಾಕಿದೆ. 85-90 ಗ್ರಾಂ ಬಂಗಾರ ಅಡ ಇಟ್ಟು ಮೂರು ಲಕ್ಷ ತಂದೆ, ವರ್ಷಕ್ಕೆ 9ರ ಆಸುಪಾಸಿನ ಬಡ್ಡಿ. ದಲಾಲಿ ಅಂಗಡಿಯ ಉದ್ರಿ ಪೂರ್ತಿ ತೀರಿಸಿದೆ. ಅವತ್ತು ಅವರ ಮುಖ ನೋಡಬೇಕಿತ್ತು.

ಆರು ತಿಂಗಳಾದ ಮೇಲೆ ಅದೇ ಭತ್ತವನ್ನು ಹಳೇ ಭತ್ತ ಅಂತ 1,900ಕ್ಕೆ ಕೇಳಿದರು. ಚೀಲಕ್ಕೆ 350 ಜಾಸ್ತಿ. ಒಟ್ಟು ಒಂದು ಲಕ್ಷದ ಮೇಲೆ. ಅದರಲ್ಲಿ ಬ್ಯಾಂಕಿನ ಬಡ್ಡಿ 13-14 ಸಾವಿರ, ಗೋದಾಮು ಬಾಡಿಗೆ ಹೆಚ್ಚುಕಡಿಮೆ ಅಷ್ಟೇ, ಒಣಗಿ ತೂಕ ಇಳಿದದ್ದು ಇನ್ನೊಂದು 15 ಸಾವಿರ. ಎಲ್ಲಾ ಕಳೆದು 60 ಸಾವಿರ ಉಳಿಯಿತು. ದಲಾಲಿ ಅಂಗಡಿಗೆ ಕಟ್ಟಬೇಕಿದ್ದ ಬಡ್ಡಿ ಉಳಿದದ್ದು ಬೇರೆ. 2023ರ ಜುಲೈ 20ಕ್ಕೆ ಸರ್ಕಾರ ಬಿಳಿ ಅಕ್ಕಿ ರಫ್ತು ನಿಲ್ಲಿಸಿತು. ಅಷ್ಟರಲ್ಲಿ ನಾನು ಮಾರಿ, ಸಾಲ ಕಟ್ಟಿ, ಬಿಲ್ವಾರ ಬಿಡಿಸಿಕೊಂಡು ಬಂದಿದ್ದೆ. ಯಾವಾಗ ಮಾರಬೇಕು ಅಂತ ನೋಡೋಕೆ ನನಗೊಂದು ಗುರುತಿದೆ. ಅದು ಗಂಗಾವತಿಯ ರೈಸ್‌ಮಿಲ್ಲುಗಳ ಕಡೆ ಕಣ್ಣಿಟ್ಟವರಿಗೆ ತಾನೇ ತಿಳಿಯುತ್ತೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. 2015ರ ನವೆಂಬರ್‌ನಲ್ಲಿ ಸರ್ಕಾರ ಮೊದಲ ಸಲ ಬಂಗಾರದ ಬಾಂಡು ಬಿಟ್ಟಾಗ ಗ್ರಾಂಗೆ 2,684ರಂತೆ 20 ಗ್ರಾಂ ತಗೊಂಡೆ. ‘ಕಾಗದ ಕೊಂಡ’ ಅಂತ ಮನೆಯಲ್ಲೂ ಬೈದರು. ವರ್ಷಕ್ಕೆ ನೂರಕ್ಕೆ ಎರಡೂಮುಕ್ಕಾಲು ಬಡ್ಡಿ ಖಾತೆಗೆ ಬಂತು. ಎಂಟು ವರ್ಷಕ್ಕೆ ಗ್ರಾಂಗೆ 6,132 ಕೊಟ್ಟರು. 53 ಸಾವಿರ ಚಿಲ್ಲರೆ ಹಾಕಿದ್ದಕ್ಕೆ 1,22,000 ಮೇಲೆ, ಲಾಭಕ್ಕೆ ತೆರಿಗೆಯೂ ಇಲ್ಲ. 2024ರ ಫೆಬ್ರವರಿ ಆದ ಮೇಲೆ ಸರ್ಕಾರ ಹೊಸ ಬಾಂಡು ಬಿಟ್ಟಿಲ್ಲ, ಅದೇ ಬೇಜಾರು.

ಬೆಳ್ಳಿ ನನ್ನನ್ನು ಬಹಳ ಸತಾಯಿಸಿತು. 2011ರ ಏಪ್ರಿಲ್‌ನಲ್ಲಿ ಕೆಜಿಗೆ 70 ಸಾವಿರ ದಾಟಿದಾಗ ಒಂದು ಕೆಜಿ ತಂದೆ. ಕೆಲವೇ ವಾರಗಳಲ್ಲಿ 50ರ ಕಡೆ ಬಂತು. ಆಮೇಲೆ 40ರ ಕೆಳಗೂ ಹೋಯಿತು. ಅಡ ಇಡೋಣ ಅಂದರೆ ಆಗ ಬ್ಯಾಂಕು ಮುಟ್ಟುತ್ತಿರಲಿಲ್ಲ. 2020ರಲ್ಲಿ ಹಾಕಿದ ದುಡ್ಡಿಗಿಂತ ಕಡಿಮೆಗೇ ಮಾರಿ ಕೈತೊಳೆದುಕೊಂಡೆ. 2025ರಲ್ಲಿ ಬೆಳ್ಳಿ ಹಾರಿದ್ದು ನೋಡಿದೆ, ಆದರೂ ಹೊಟ್ಟೆ ಉರಿಯಲಿಲ್ಲ. ಒಂಬತ್ತು ವರ್ಷ ನನ್ನ ಗೊಬ್ಬರಕ್ಕೆ ಒಂದು ರೂಪಾಯಿಯ ಕೆಲಸಕ್ಕೂ ಬಾರದ ಲೋಹ ಅದು. ಆರ್‌ಬಿಐನ ಹೊಸ ನಿಯಮದಲ್ಲಿ 2026ರ ಏಪ್ರಿಲ್‌ನಿಂದ ಬೆಳ್ಳಿ ಒಡವೆಗೂ ಸಾಲ ಉಂಟು. ನಾನಂತೂ ಮತ್ತೆ ಆ ಕಡೆ ಹೋಗಲ್ಲ. ಕಾಲ್ಗೆಜ್ಜೆಗೆ ಬೇಕಾದಷ್ಟು ಸಾಕು.

ಹಟ್ಟಿ ಬಂಗಾರದ ಗಣಿ ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ, ಇಲ್ಲಿ ಬಂಗಾರ ಸೋವಿ ಇರಬೇಕಲ್ವಾ ಅಂತ ಬೀಗರು ಕೇಳುತ್ತಾರೆ. ಹಾಗೇನಿಲ್ಲ. ಹೊರದೇಶದ ರೇಟು, ಡಾಲರು, ಡ್ಯೂಟಿ, ಈ ಮೂರೇ ನಮ್ಮ ಪೇಟೆಯ ರೇಟನ್ನೂ ನಡೆಸೋದು. 2024ರ ಜುಲೈನಲ್ಲಿ ಡ್ಯೂಟಿ 15ರಿಂದ 6ಕ್ಕೆ ಇಳಿದಾಗ ಕೆಲವೇ ದಿನಗಳಲ್ಲಿ 10 ಗ್ರಾಂಗೆ ಸಾವಿರಾರು ರೂಪಾಯಿ ಇಳಿಯಿತು. ಎತ್ತಿಟ್ಟಿದ್ದ ಭತ್ತದ ದುಡ್ಡು ಆ ವಾರವೇ ಹಾಕಿದೆ.

ಅದಾಗಿ ಮೂರು ವಾರವೂ ಆಗಿರಲಿಲ್ಲ, ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನಾಟಿ ಮಾಡಿದ ಗದ್ದೆ, ಕಣ್ಣೆದುರೇ ನದಿಗೆ ಹರಿಯುವ ನೀರು. ಬೇಸಿಗೆ ಬೆಳೆ ಹೋಯಿತು ಅಂತಲೇ ಎಲ್ಲರೂ ಅಂದರು. ಕೆಲವು ಅಂಗಡಿಗಳು ಉದ್ರಿ ಗೊಬ್ಬರ ಕೊಡೋದನ್ನೇ ನಿಲ್ಲಿಸಿದವು. ನಾನು ಎರಡು ಜೊತೆ ಪಾಟ್ಲಿ ಇಟ್ಟು ನಗದು ಕೊಟ್ಟು ಯೂರಿಯಾ ತಂದೆ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮಳೆ ಬಂತು, ಡ್ಯಾಮು ಮತ್ತೆ ತುಂಬಿತು. ಆದರೆ ಮೇಲುಗೊಬ್ಬರ ಅಷ್ಟು ದಿನ ಕಾಯುತ್ತಾ?

ಇತ್ತೀಚಿನ ರೇಟಿಗೆ ಬರೋಣ. 2013ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,310. 10 ಗ್ರಾಂಗೆ 22-23 ಕ್ವಿಂಟಲ್ ಸಾಕಿತ್ತು. 2025ರಲ್ಲಿ ಬೆಂಬಲ ಬೆಲೆ 2,369, ಬಂಗಾರ 1,20,000 ಅಂತ ಹಿಡಿದರೂ 50 ಕ್ವಿಂಟಲ್ ಬೇಕಿತ್ತು. ಭತ್ತದ ಲೆಕ್ಕದಲ್ಲಿ ಬಂಗಾರ ಎರಡು ಪಟ್ಟಿಗಿಂತ ಜಾಸ್ತಿ ತುಟ್ಟಿ. ಇನ್ನೊಂದು ಕಡೆ, ಇರುವ ಬಂಗಾರಕ್ಕೇ ಜಾಸ್ತಿ ಸಾಲ ಸಿಗುತ್ತೆ. ನನ್ನ ಗುರಿ ಇದ್ದದ್ದು ಒಂದು ಬೆಳೆಯ ಪೂರ್ತಿ ಖರ್ಚು ಅಡದಲ್ಲಿ ಹುಟ್ಟಬೇಕು ಅಂತ: ಎಕರೆಗೆ 40 ಸಾವಿರ, ಒಟ್ಟು ಐದು ಲಕ್ಷದ ಹತ್ತಿರ. ಅದು ದಾಟಿದೆ. ಹಾಗಾಗಿ ಈಗ ಇಪ್ಪತ್ತು ಚೀಲಕ್ಕೆ ಒಂದು ಚೀಲದ ದುಡ್ಡು ಮಾತ್ರ ಹಾಕುತ್ತೇನೆ. ಪೂರ್ತಿ ನಿಲ್ಲಿಸಿಲ್ಲ, ಲೀಸು ಮತ್ತು ಕೂಲಿ ವರ್ಷ ವರ್ಷ ಏರುತ್ತಲೇ ಇವೆ. ಉಳಿದ ಅರ್ಧದಲ್ಲಿ ಒಣಗಿಸೋಕೆ ಸಿಮೆಂಟು ಕಣ ಹಾಕಿಸುತ್ತಿದ್ದೇನೆ. ಇನ್ನೂ ಆ ಗುರಿ ಮುಟ್ಟದವರು, ರೇಟು ಇಳೀಲಿ ಅಂತ ಕೂರದೆ, ಹತ್ತಕ್ಕೊಂದು ಚೀಲವನ್ನೇ ಮುಂದುವರಿಸಿ. ಬಿಲ್ಲು ಮಾತ್ರ ಬಿಡಬೇಡಿ. ಅದರ ಮೇಲಿನ ಶಾಯಿ ಎರಡು ವರ್ಷಕ್ಕೆ ಮಾಸಿ ಹೋಗುತ್ತೆ, ಕೊಂಡ ದಿನವೇ ಜೆರಾಕ್ಸ್ ಮಾಡಿಸಿ ಇಡಿ.