ಒಂದೇ ಸೋಪ್ ಸರ್ವರ್‌ನಲ್ಲಿ ಹಲವು ಕ್ಲಾಸ್

ಪಿಎಚ್‌ಪಿಯಲ್ಲಿ ಸೋಪ್ (SOAP, ಪ್ರೋಗ್ರಾಂಗಳು ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಮಾತಾಡುವ ವಿಧಾನ) ಸರ್ವಿಸ್ ಬರೆಯುತ್ತಿದ್ದೀರಾ? ಯಾವ ಕ್ಲಾಸ್ ಉತ್ತರಿಸಬೇಕೆಂದು ಸರ್ವರ್‌ಗೆ ಹೇಳುವ ಸೆಟ್‌ಕ್ಲಾಸ್ (setClass) ಎರಡು ಸಲ ಕರೆದರೆ ಎರಡು ಕ್ಲಾಸ್ ಸೇರುವುದಿಲ್ಲ, ಕೊನೆಯದು ಮಾತ್ರ ಉಳಿಯುತ್ತದೆ. ಎರರ್ ಕೂಡ ಬರುವುದಿಲ್ಲ, ಸುಮ್ನೆ ತಲೆ ಕೆರೆದುಕೊಳ್ಳಬೇಕು.

ಎಲ್ಲದರ ಮುಂದೆ ಒಂದೇ ಕ್ಲಾಸ್ ನಿಲ್ಲಿಸಿ. ಜಯನಗರದ ಅಂಗಡಿಯೊಂದರ ಬಿಲ್ಲಿಂಗ್ ಅಂತಿಟ್ಟುಕೊಳ್ಳಿ: ಆರ್ಡರ್ ಒಂದು ಕ್ಲಾಸ್, ಸ್ಟಾಕ್ ಇನ್ನೊಂದು, ಎರಡರಲ್ಲೂ 'ಗೆಟ್' ಇದೆ. ಹೊರಗೆ 'ಆರ್ಡರ್_ಗೆಟ್', 'ಸ್ಟಾಕ್_ಗೆಟ್' ಎಂದು ಹೆಸರಿಡಿ. ಬಂದ ಕರೆಯನ್ನು ಮುಂದೆ ನಿಂತ ಆ ಕ್ಲಾಸೇ ಸರಿಯಾದ ಕಡೆ ದಾಟಿಸಲಿ. ಕ್ಲಾಸ್‌ನಲ್ಲಿ ಇಲ್ಲದ ಹೆಸರಿನ ಕರೆಯನ್ನೂ ಹಿಡಿಯುವ ಮ್ಯಾಜಿಕ್ ಮೆಥಡ್‌ನಿಂದಲೂ (__call) ಆಗುತ್ತದೆ, ಆದರೆ ಯಾವ ಹೆಸರಿಗೆ ಅನುಮತಿ ಎಂಬ ಪಟ್ಟಿ ಇರಲೇಬೇಕು. ನನಗಂತೂ ಕೈಯಾರೆ ಬರೆದ ಮೆಥಡ್‌ಗಳೇ ಇಷ್ಟ, ಟೈಪಿಂಗ್ ಜಾಸ್ತಿಯಾದರೂ ಸರಿ.

ಡಬ್ಲ್ಯೂಎಸ್‌ಡಿಎಲ್ (WSDL, ಸರ್ವಿಸ್‌ನಲ್ಲಿ ಏನೇನು ಕರೆಯಬಹುದು ಎಂದು ಹೇಳುವ ಫೈಲ್) ಬದಲಾಯಿಸಿದರೂ ಹಳೆಯದೇ ಬರುತ್ತಿದೆಯಾ? ಪಿಎಚ್‌ಪಿ ಅದರ ಪ್ರತಿಯನ್ನು ಉಳಿಸಿಟ್ಟುಕೊಳ್ಳುವ ಕ್ಯಾಶ್ (cache) ಅವಧಿ ಡಿಫಾಲ್ಟ್ ಆಗಿ 86,400 ಸೆಕೆಂಡ್, ಅಂದರೆ ಇಡೀ ಒಂದು ದಿನ. ಡೆವಲಪ್‌ಮೆಂಟ್ ಮಷೀನ್‌ನಲ್ಲಿ ಈ ಕ್ಯಾಶ್ ಆಫ್ ಮಾಡಿಡಿ.